ಏಪ್ರಿಲ್ ಎರಡರ ರಾಜೀನಾಮೆ

ಬ್ಯಾಡಗಿ,
ಮೂರನೆಯ ಮುಂಗಾರಿನ ಹದಿಮೂರನೆಯ ದಿನ,
ಇಸವಿ ಎರಡು ಸಾವಿರದ ನೂರ ಐವತ್ತೊಂಬತ್ತು.

ಮಹಾದೇವಪ್ಪ ಕಬ್ಬೂರ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆಂದು ಕಾಗದವನ್ನು ಬದಿಗಿಡಬೇಡಿ. ನಮ್ಮ ಕಾಲದಲ್ಲಿ ಮುಂಗಾರು ವರ್ಷಕ್ಕೆ ಮೂರು ಸಲ ಬರುತ್ತದೆ. ತಿಂಗಳುಗಳ ಹೆಸರು ಬಿಟ್ಟು ಮಳೆ ಹಿಡಿದು ದಿನ ಹೇಳುವುದು ರೂಢಿಯಾಗಿ ಬಹಳ ಕಾಲವಾಯಿತು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರ ಎನಿಸಬಹುದು. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಪದ ತಪ್ಪಿದ್ದರೆ ಕ್ಷಮೆಯಿರಲಿ. ಕ್ಷಮೆ ಕೇಳುತ್ತಿರುವುದು ಪದಗಳಿಗಾಗಿ ಮಾತ್ರ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲದ ಒಬ್ಬರಿಗೆ, ಅವರು ಬದುಕಿದ್ದ ಒಂದು ದಿನಕ್ಕೆ, ಇಲ್ಲಿಂದ ಕಳುಹಿಸುವ ಕಾಗದ. ಒಂದು ಮನೆತನಕ್ಕೆ ಒಂದೇ. ಯಾರ ಸಾವನ್ನೂ ತಪ್ಪಿಸುವ ದಿನಕ್ಕೆ ಅದು ತಲುಪುವುದಿಲ್ಲ. ತಲುಪುವಂತಿದ್ದರೆ ನಾನು ನಿಮಗೆ ಬರೆಯುತ್ತಲೇ ಇರಲಿಲ್ಲ, ಫಕೀರೇಶ ತಳವಾರರಿಗೆ ಬರೆದು ಮನೆಯಲ್ಲೇ ಇರಿ ಎನ್ನುತ್ತಿದ್ದೆ. ನಮ್ಮ ಓಣಿಯವರು ತಮ್ಮ ಪಾಲಿನ ಹಿಂದೋಲೆಯನ್ನು, ತಾವು ಕಣ್ಣಾರೆ ಕಾಣದ ಅಜ್ಜಿಗೋ, ಚಿಕ್ಕಂದಿನಲ್ಲೇ ತೀರಿಕೊಂಡ ತಂದೆಗೋ ಬರೆದು ಅತ್ತು ಹಗುರಾಗುತ್ತಾರೆ. ನಮ್ಮ ಮನೆಯವರು ಮಾತ್ರ ಅದನ್ನು ಬಳಸದೆ ಉಳಿಸಿಕೊಂಡು ಬಂದರು, ನಿಮಗಾಗಿ. ಇದು ನಿಮ್ಮ ಕೈ ಸೇರುವಾಗ ನಿಮ್ಮಲ್ಲಿ ಎರಡು ಸಾವಿರದ ಇಪ್ಪತ್ತಾರನೆಯ ಇಸವಿ. ನಿಮ್ಮ ಹೊಸ ಇಂಟರ್‌ನ್ಯಾಷನಲ್ ಸ್ಕೂಲಿನ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿದೆ. ಐದು ವರ್ಷದ ಹಿಂದಿನದನ್ನು ಊರು ಮರೆತಿದೆ ಎಂದು ಮೊನ್ನೆ ಮಗನಿಗೆ ಹೇಳಿದ್ದೀರಿ.

ನನ್ನ ಹೆಸರು ಹೊನ್ನವ್ವ ತಳವಾರ. ಫಕೀರೇಶ ಮತ್ತು ಕಸ್ತೂರಿ ದಂಪತಿಯ ಮಗಳು ಸಿಂಚನಾ ನನಗೆ ಮುತ್ತಜ್ಜಿ. ತಂದೆ ಸತ್ತಾಗ ಅವಳಿಗೆ ಏಳು ವರ್ಷ. ದೊಡ್ಡವಳಾದ ಮೇಲೆ ತಾಯಿಯ ಬಾಯಿಂದ ಕೇಳಿದ್ದನ್ನೆಲ್ಲ ಅವಳು ಎರಡು ನೋಟುಪುಸ್ತಕಗಳಲ್ಲಿ ಬರೆದಿಟ್ಟಳು. ಆ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಸ್ವಲ್ಪ ನಿಮಗೆ ಗೊತ್ತು, ಹೆಚ್ಚಿನದು ಗೊತ್ತಿಲ್ಲ.

ಫಕೀರೇಶರು ನಿಮ್ಮ ವಿದ್ಯಾಸಂಜೀವಿನಿ ಕಾಲೇಜಿನಲ್ಲಿ ಒಂಬತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವರು. ತಳವಾರ ಮನೆತನದಲ್ಲಿ ಎಂ.ಎಸ್ಸಿ. ಓದಿದ ಮೊದಲನೆಯವರು. ಕೆಲಸಕ್ಕೆ ಸೇರುವ ದಿನ ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿ.ವರೆಗಿನ ಅಂಕಪಟ್ಟಿ, ಪದವಿಪತ್ರಗಳ ಮೂಲಪ್ರತಿಗಳನ್ನೆಲ್ಲ ನೀವು ಪಡೆದು ಕಚೇರಿಯ ತಿಜೋರಿಯಲ್ಲಿಟ್ಟಿರಿ. ಎಲ್ಲ ಉಪನ್ಯಾಸಕರದ್ದೂ ಹಾಗೆಯೇ ಇತ್ತು. ಮೂಲಪ್ರತಿ ಕೈಯಲ್ಲಿಲ್ಲದವರು ಬೇರೆ ಕಡೆ ಹೋಗಲಾರರು ಎಂಬುದು ನಿಮ್ಮ ವಿಚಾರ.

ಲೋಕಕ್ಕೆಲ್ಲ ಹರಡಿದ ಆ ಕಾಯಿಲೆಯ ಮೊದಲ ವರ್ಷ ಕಾಲೇಜು ಮುಚ್ಚಿತು. ಫಕೀರೇಶರು ಅಡಿಗೆಮನೆಯ ಬಾಗಿಲಿಗೆ ಕರಿ ಬಣ್ಣ ಬಳಿದು ಅದನ್ನೇ ಹಲಗೆ ಮಾಡಿಕೊಂಡರು. ಕಸ್ತೂರಿ ಮೊಬೈಲು ಹಿಡಿದು ನಿಲ್ಲುತ್ತಿದ್ದಳು, ಅವರು ಸಮೀಕರಣ ಬರೆಯುತ್ತಿದ್ದರು. ಸಿಗ್ನಲ್ ಸಿಗದ ಹುಡುಗಿಯೊಬ್ಬಳು ಮೋಟೆಬೆನ್ನೂರಿನಲ್ಲಿ ನೀರಿನ ಟ್ಯಾಂಕು ಹತ್ತಿ ಕೂತು ಪಾಠ ಕೇಳುತ್ತಿದ್ದಳಂತೆ. ಅವಳು ಇಳಿದು ಬರುವವರೆಗೆ ಇವರು ಫೋನು ಇಡುತ್ತಿರಲಿಲ್ಲವಂತೆ.

ಎರಡನೆಯ ವರ್ಷ ಏಪ್ರಿಲಿನಲ್ಲಿ ಕಾಯಿಲೆ ಮತ್ತೆ ಏರಿತು, ಊರು ಮತ್ತೆ ಮುಚ್ಚಿತು. ನಿಮ್ಮ ಬೆಂಚುಗಳು ಖಾಲಿ ಇದ್ದವು. ಜಿಲ್ಲೆಯ ಎಲ್ಲ ಖಾಸಗಿ ಕಾಲೇಜುಗಳ ಗತಿಯೂ ಅದೇ ಆಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲವರು ಬಾಗಿಲು ಹಾಕಿದರು, ಕೆಲವರು ಕೈ ಮುಗಿದು ಸಿಬ್ಬಂದಿಯನ್ನು ಮನೆಗೆ ಕಳುಹಿಸಿದರು. ನೀವು ಮಾತ್ರ ಒಬ್ಬೊಬ್ಬ ಉಪನ್ಯಾಸಕರೂ ಹಳ್ಳಿ ತಿರುಗಿ ಹದಿನೈದು ಹೊಸ ವಿದ್ಯಾರ್ಥಿಗಳನ್ನು ಸೇರಿಸಬೇಕೆಂದು ಹೇಳಿದಿರಿ. ಹೇಳಿದ್ದು ಬಾಯಿಮಾತಿನಲ್ಲಿ, ಕಾಗದದ ಮೇಲೆ ಒಂದಕ್ಷರವೂ ಇಲ್ಲ.

ಅದೇ ವಾರ ಫಕೀರೇಶರಿಗೆ ಸರಕಾರಿ ವಸತಿ ಕಾಲೇಜಿನ ಹುದ್ದೆಗೆ ಕರೆ ಬಂದಿತ್ತು. ಜೂನ್ ಏಳಕ್ಕೆ ಮೂಲಪ್ರತಿಗಳನ್ನು ತೋರಿಸಬೇಕು. ಅವರು ನಿಮ್ಮ ಬಳಿ ಬಂದು ಕೇಳಿದರು. ನೀವು ಹೇಳಿದ್ದು ಸಿಂಚನಾಳ ಪುಸ್ತಕದಲ್ಲಿ ಹೀಗಿದೆ: "ಹದಿನೈದು ಅಡ್ಮಿಷನ್ ತಂದು ಕೊಡ್ರಿ ತಳವಾರ ಸರ, ನಿಮ್ಮ ಕಾಗದ ನೀವು ತೊಗೊಂಡು ಹೋಗ್ರಿ. ನಾ ಯಾಕ ಹಿಡಕೊಳ್ಳಲಿ?"

ಕಸ್ತೂರಿ ಬೇಡವೆಂದಳು. "ಮುಂದಿನ ವರ್ಷ ಮತ್ತ ಕರೀತಾರ. ಈ ಹೊತ್ತಿನ್ಯಾಗ ಮನಿಮನಿ ತಿರುಗಬ್ಯಾಡ್ರಿ."

"ಮುಂದಿನ ವರ್ಷ ನನ್ನ ವಯಸ್ಸು ಮೀರತೈತಿ," ಎಂದು ಅವರು ಬೈಕು ಹತ್ತಿದರು.

ಪೊಲೀಸರ ಕಣ್ಣು ತಪ್ಪಿಸಿ ಹೊಲದ ದಾರಿಯಲ್ಲಿ ಎಂಟು ದಿನ ತಿರುಗಿದರು. ಮೋಟೆಬೆನ್ನೂರು, ಕದರಮಂಡಲಗಿ, ಕಾಗಿನೆಲೆ. ಕೆಲವರು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟರು, ಕೆಲವರು ಬಾಗಿಲು ತೆರೆಯಲಿಲ್ಲ. ಹದಿಮೂರು ಮನೆಯವರು ಒಪ್ಪಿ ಅರ್ಜಿಗೆ ರುಜು ಹಾಕಿದರು. ಮೇ ಹದಿನೆಂಟರಂದು ಆ ಅರ್ಜಿಗಳನ್ನು ಹಿಡಿದು ಅವರು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತರು. ಮಾತಾಡುವಾಗ ಕೆಮ್ಮು ಬಂತು.

"ಅಲ್ಲೇ ನಿಂತು ಹೇಳ್ರಿ. ಏನದು ಕೆಮ್ಮು?" ಎಂದಿರಿ ನೀವು.

"ಮೆಣಸಿನಕಾಯಿ ಧೂಳ್ರಿ ಸರ."

ಬ್ಯಾಡಗಿಯಲ್ಲಿ ಎಲ್ಲರೂ ಕೊಡುವ ಉತ್ತರ ಅದು. ಮಾರುಕಟ್ಟೆ ನಡೆಯುವ ದಿನಗಳಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಆದರೆ ಮಾರುಕಟ್ಟೆ ಮುಚ್ಚಿ ಮೂರು ವಾರವಾಗಿತ್ತು, ಗಾಳಿಯಲ್ಲಿ ಧೂಳೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ನೀವು ಅರ್ಜಿಗಳನ್ನು ಎಣಿಸಿ, "ಇನ್ನೂ ಎರಡು ಬಾಕಿ ಅದಾವಲ್ರೀ," ಎಂದು ಹೇಳಿ ಅವರನ್ನು ಕಳುಹಿಸಿದಿರಿ.

ಮೇ ಇಪ್ಪತ್ತಾರರಂದು ಅವರು ಹಾವೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಾರ್ಡಿನ ಕಿಟಕಿಯ ಹೊರಗೆ ನಿಂತಿದ್ದ ಕಸ್ತೂರಿಗೆ ಫೋನಿನಲ್ಲಿ ಅವರು ಕೊನೆಗೆ ಹೇಳಿದ ಮಾತು, "ನನ್ನ ಮಾರ್ಕ್ಸ್ ಕಾರ್ಡ್ ಬಿಡಿಸ್ಕೊಂಡು ಬಾ."

ಮಣ್ಣು ಮಾಡಿದ ಒಂಬತ್ತನೆಯ ದಿನ ಅವಳು ನಿಮ್ಮ ಕಚೇರಿಗೆ ಬಂದಳು. ಕೇಳಿದ್ದು ಎರಡೇ. ಗಂಡನ ಮೂಲಪ್ರತಿಗಳು, ಮತ್ತು ಅವರು ಕಾಲೇಜಿನ ಕೆಲಸದ ಮೇಲೆ ಹೋದಾಗ ಕಾಯಿಲೆ ಹತ್ತಿ ಸತ್ತರು ಎಂಬ ಒಂದು ಸಾಲಿನ ಬರಹ. ಉಪನ್ಯಾಸಕರನ್ನು ಲಾಕ್‌ಡೌನಿನಲ್ಲಿ ಹೊರಗೆ ಕಳುಹಿಸಿದ್ದು ಬಯಲಾದರೆ ನಿಮ್ಮ ಮೇಲೆ ಕೇಸು ಬೀಳುತ್ತಿತ್ತು. ಹಾಗಾಗಿ ನೀವು ಮೊದಲೇ ತಯಾರಾಗಿದ್ದಿರಿ. ಒಂದು ಹಾಳೆಯ ನಕಲನ್ನು ಅವಳ ಮುಂದೆ ತಳ್ಳಿದಿರಿ. ಅದು ಫಕೀರೇಶರ ರಾಜೀನಾಮೆ ಪತ್ರ. ತಾರೀಖು ಏಪ್ರಿಲ್ ಎರಡು.

"ಅವ್ರು ಏಪ್ರಿಲ್ಲಾಗ ಬಿಟ್ಟು ಹೋಗ್ಯಾರವ್ವಾ. ಹಳ್ಳಿಗೆ ಯಾಕ ಹೋಗಿದ್ರೋ ನಮಗೇನು ಗೊತ್ತು? ಕಾಗದ ಎಲ್ಲಾ ಅವತ್ತ ಕೊಟ್ಟೇವಿ."

"ಮೊನ್ನಿ ಹದಿನೆಂಟಕ್ಕ ನಿಮ್ಮ ಬಾಗಲಾಗ ನಿಂತಿದ್ರಲ್ರೀ."

"ನೋಡಿದವರು ಯಾರದಾರ?"

ಕಸ್ತೂರಿ ಆ ಹಾಳೆಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದಳು. ಗೇಟಿನ ಹತ್ತಿರ ನಿಮ್ಮ ಕಚೇರಿಯ ಗುಮಾಸ್ತ ದಾವಲಸಾಬ ನಿಂತಿದ್ದರು. ಅವಳ ಮುಖ ನೋಡದೆ ಸೈಕಲ್ಲಿನ ಚೈನು ಸರಿಮಾಡುತ್ತ ಹೇಳಿದರು: "ಪತ್ರ ಮನೀಗೆ ಹೋಗಿ ಸಾವಕಾಶ ಓದ್ರಿ ಅಕ್ಕಾರ. ಯಾರಿಗೆ ಬರದದ್ದು, ಆ ಹೆಸರ ಓದ್ರಿ."

ಆ ಪತ್ರ ಬರೆದದ್ದು ಪ್ರಾಚಾರ್ಯ ಉಮಾಪತಿ ಹಾವನೂರರ ಹೆಸರಿಗೆ. ಉಮಾಪತಿಯವರು ಆ ಕುರ್ಚಿಯಲ್ಲಿ ಕೂತಿದ್ದು ಮೇ ಹದಿನೇಳರಂದು, ಹಳೆಯ ಪ್ರಾಚಾರ್ಯರು ಅದೇ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ. ಏಪ್ರಿಲ್ ಎರಡರಂದು ಅವರು ದಾವಣಗೆರೆಯಲ್ಲಿ ಬೇರೊಂದು ಕಾಲೇಜಿನಲ್ಲಿದ್ದರು. ಆಗ ಬ್ಯಾಡಗಿಯ ಯಾರಿಗೂ ಅವರ ಹೆಸರೇ ಗೊತ್ತಿರಲಿಲ್ಲ.

ಈ ತಪ್ಪು ಹೇಗಾಯಿತೆಂದು ನೀವು ಐದು ವರ್ಷ ತಲೆ ಕೆಡಿಸಿಕೊಂಡಿದ್ದೀರಿ. ನಿಮ್ಮ ದಡ್ಡತನವೆಂದು ನಿಮ್ಮನ್ನೇ ಬೈದುಕೊಂಡಿದ್ದೀರಿ. ಅದು ತಪ್ಪಲ್ಲ. ನೀವು ಹೇಳಿ ಬರೆಸಿದ ಆ ಪತ್ರವನ್ನು ಟೈಪು ಮಾಡಿದ ದಾವಲಸಾಬರು ಬೇಕೆಂತಲೇ ಆ ಹೆಸರು ಹಾಕಿದರು. ಒಲ್ಲೆ ಎನ್ನುವ ಧೈರ್ಯ ತನಗಿರಲಿಲ್ಲ, ಮನೆಯಲ್ಲಿ ಮೂರು ಹೆಣ್ಣುಮಕ್ಕಳಿದ್ದರು ಎಂದು ಮುಂದೆ ಅವರೇ ಕಸ್ತೂರಿಯ ಮುಂದೆ ಹೇಳಿ ತಲೆ ತಗ್ಗಿಸಿದರು. ಇನ್ನೊಂದು ಮಾತನ್ನೂ ಅಂದು ಹೇಳಿದರು. ಲ್ಯಾಬಿನ ಹಿಂದೆ ಒಣಗಿದ ಎಲೆಗಳ ಜೊತೆ ನೀವು ಫಕೀರೇಶರ ಅಂಕಪಟ್ಟಿಗಳನ್ನು ಒಂದೊಂದಾಗಿ ಬೆಂಕಿಗೆ ಹಾಕಿದ್ದನ್ನು ಅವರು ಶೌಚಾಲಯದ ಕಿಂಡಿಯಿಂದ ನೋಡಿದ್ದರು. ಎಂ.ಎಸ್ಸಿ. ಪದವಿಪತ್ರ ದಪ್ಪ ಕಾಗದವಾದ್ದರಿಂದ ಬೇಗ ಹತ್ತಿಕೊಳ್ಳಲಿಲ್ಲವಂತೆ, ನೀವು ಕೋಲಿನಿಂದ ಅದನ್ನು ಒಳಗೆ ತಳ್ಳಿದಿರಂತೆ. ಯಾರೂ ನೋಡಲಿಲ್ಲವೆಂದು ನಂಬಿದ್ದಿರಿ. ದಾವಲಸಾಬರು ನಿಮ್ಮ ಲೆಕ್ಕದಲ್ಲಿ ಕಳೆದ ವರ್ಷ ತೀರಿಕೊಂಡರು. ಇನ್ನು ಅವರಿಗೆ ನೀವು ಏನೂ ಮಾಡಲಾರಿರಿ, ಅದಕ್ಕೇ ಈಗ ಹೇಳುತ್ತಿದ್ದೇನೆ.

ಕಸ್ತೂರಿ ಕೋರ್ಟಿಗೆ ಹೋಗಲಿಲ್ಲ. ಕೋರ್ಟು ಮುಗಿಯುವುದರೊಳಗೆ ನೀವು ಸತ್ತಿರುತ್ತೀರಿ ಎಂಬುದು ಅವಳ ಯೋಚನೆ. ನೀವು ಬದುಕಿರುವಾಗಲೇ ನೋಡಬೇಕಿತ್ತು ಅವಳಿಗೆ. ಗಂಡನ ಡೈರಿಯಲ್ಲಿ ಹದಿಮೂರು ಮನೆಗಳ ವಿಳಾಸವಿತ್ತು. ಲಾಕ್‌ಡೌನು ಸಡಿಲಾದ ಕೂಡಲೆ ಬೆಳಿಗ್ಗೆ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ, ಮಧ್ಯಾಹ್ನ ಹಳ್ಳಿ. ಪ್ರತಿ ಮನೆಯಲ್ಲೂ ಕಟ್ಟೆಯ ಮೇಲೆ ಕೂತು ಆ ರಾಜೀನಾಮೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದಿ ಮುಗಿಸಿ, "ನಿಮ್ಮ ಮನೀಗೆ ನನ್ನ ಯಜಮಾನ್ರು ಯಾವಾಗ ಬಂದಿದ್ರು?" ಎಂದು ಕೇಳುತ್ತಿದ್ದಳು. ಮೇ ಹನ್ನೆರಡು, ಮೇ ಹದಿನಾಲ್ಕು, ಮೇ ಹದಿನಾರು. ಕಾಲೇಜಿನ ಅರ್ಜಿ ತಂದಿದ್ದರು, ಕಾಲೇಜಿನ ಮೊಹರಿತ್ತು.

ಕದರಮಂಡಲಗಿಯ ಮುದುಕ ಬರಮಪ್ಪ ಎಲ್ಲ ಕೇಳಿ ಎದ್ದು ಒಳಗೆ ಹೋಗಿ ಮೊಮ್ಮಗಳ ಅರ್ಜಿಯ ರಸೀದಿ ತಂದ. "ಸರ ಇಲ್ಲೇ ಕುಂತು ನೀರ ಕುಡದ್ರು. ಕೈ ನಡಗತಿತ್ತು. ನಾನ ಕೇಳಿದೆ, ಜ್ವರ ಬಂದಾವೇನ್ರಿ ಅಂತ. ಇಲ್ಲ ಅಂದ್ರು," ಎಂದ. ರಸೀದಿಯನ್ನು ಕಸ್ತೂರಿಯ ಕೈಗಿಟ್ಟ. "ನಮ್ಮ ಹುಡುಗಿ ಆ ಕಾಲೇಜಿಗೆ ಹೋಗೂದಿಲ್ಲ. ಇದನ್ನ ನೀ ಇಟಗೋ."

ಹದಿಮೂರು ಮನೆಯವರೂ ಮಕ್ಕಳನ್ನು ಬಿಡಿಸಿದರು. ಅವರು ತಮ್ಮ ನೆಂಟರಿಗೆ ಹೇಳಿದರು, ನೆಂಟರು ಸಂತೆಯಲ್ಲಿ ಹೇಳಿದರು. ಸೆಪ್ಟೆಂಬರಿಗೆ ನಿಮ್ಮ ವಿಜ್ಞಾನ ವಿಭಾಗದಲ್ಲಿ ಏಳು ಮಕ್ಕಳು ಉಳಿದರು. ಆಗ ನೀವು ಅವಳ ಮನೆ ಬಾಗಿಲಿಗೆ ಬಂದಿರಿ, ನೆನಪಿದೆಯೇ? ಚಪ್ಪಲಿ ಬಿಚ್ಚಿ ಒಳಗೆ ಬಂದು, ಗ್ರಂಥಾಲಯದಲ್ಲಿ ಕೆಲಸ ಕೊಡುತ್ತೇನೆ, ಮಗಳ ಓದು ನಮ್ಮದೇ ಎಂದಿರಿ. ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ ನಿಮ್ಮ ಕಾಲೇಜಿನ್ಯಾಗ ಕೆಲಸ ಬ್ಯಾಡ್ರಿ. ನಿಮ್ಮ ಕಾಲೇಜು ಇರೂದ ಬ್ಯಾಡ," ಎಂದಳು.

ನಮ್ಮ ಮನೆಯಲ್ಲಿ ಈ ಮಾತನ್ನು ಮಕ್ಕಳಿಗೆ ಕಲಿಸುತ್ತಾರೆ. ಅದರ ಜೊತೆಗೇ ಇನ್ನೊಂದನ್ನೂ ಕಲಿಸುತ್ತಾರೆ, ಅದನ್ನು ನಾನು ನಿಮ್ಮಿಂದಲೂ ಮುಚ್ಚಿಡುವುದಿಲ್ಲ. ಮಕ್ಕಳಿಲ್ಲದೆ ಕೊನೆಗೆ ಕಾಲೇಜು ಮುಚ್ಚಿದಾಗ ನಲವತ್ತೈದು ಜನ ಬೀದಿಗೆ ಬಿದ್ದರು. ಇತಿಹಾಸ ಹೇಳಿಕೊಡುತ್ತಿದ್ದ ವನಜಾಕ್ಷಿ ತಳ್ಳುಗಾಡಿಯಲ್ಲಿ ತರಕಾರಿ ಮಾರಿದರು. ಒಂದು ದಿನ ಅವರು ಗಾಡಿಯನ್ನು ನಡುಬೀದಿಯಲ್ಲೇ ಬಿಟ್ಟು ಕಸ್ತೂರಿಯ ಮುಂದೆ ಬಂದು ನಿಂತರು. "ತಳವಾರ ಸರ ನನಗೂ ಅಣ್ಣನಂಗ ಇದ್ರು. ಆದ್ರ ನಿನ್ನ ಸಿಟ್ಟಿನ್ಯಾಗ ನಾವೂ ಸುಟ್ಟೇವಿ ಕಸ್ತೂರಿ. ನಮ್ಮ ತಪ್ಪೇನಿತ್ತು?"

ಕಸ್ತೂರಿ ಗಾಡಿಯನ್ನು ಬದಿಗೆ ತಳ್ಳಿ ನಿಲ್ಲಿಸಿದಳು. ಆಮೇಲೆ, "ಏನೂ ಇರಲಿಲ್ಲ. ನನ್ನ ಕೈಲೆ ನಿಲ್ಲಸಾಕ ಆಗಲಿಲ್ಲ," ಎಂದಳು. ಮುದುಕಿಯಾದ ಮೇಲೂ ಅವಳು ನಿದ್ದೆಗಣ್ಣಿನಲ್ಲಿ ವನಜಾಕ್ಷಿಯ ಹೆಸರು ಹೇಳುತ್ತಿದ್ದಳೆಂದು ಸಿಂಚನಾ ಬರೆದಿದ್ದಾಳೆ. ನಿಮ್ಮ ಹೆಸರನ್ನು ಒಮ್ಮೆಯೂ ಹೇಳಲಿಲ್ಲ.

ನಿಮ್ಮ ಕಾಲದ ಆಚೆಗೆ ನಡೆದದ್ದನ್ನು ಇನ್ನು ಹೇಳುತ್ತೇನೆ. ಕಸ್ತೂರಿ ಮೆಣಸಿನಕಾಯಿ ವ್ಯಾಪಾರಿಯೊಬ್ಬನ ಖಾಲಿ ಗೋದಾಮನ್ನು ಕೇಳಿ ಪಡೆದು, ವನಜಾಕ್ಷಿಯವರನ್ನು ಕರೆತಂದು ಕೂರಿಸಿದಳು. ಕೆಲಸ ಕಳೆದುಕೊಂಡ ಇನ್ನೂ ಐವರು ಬಂದರು. ಕೆಮ್ಮುತ್ತಲೇ ಪಾಠ, ಕೆಮ್ಮುತ್ತಲೇ ಪ್ರಶ್ನೆ. ಆ ಗೋದಾಮಿನ ಶಾಲೆ ಬೆಳೆಯಿತು. ನಲವತ್ತು ವರ್ಷದ ಮೇಲೆ ಪಾಳುಬಿದ್ದಿದ್ದ ನಿಮ್ಮ ಕಟ್ಟಡವನ್ನು ಊರು ವಶಕ್ಕೆ ತೆಗೆದುಕೊಂಡು ಅದಕ್ಕೇ ಕೊಟ್ಟಿತು. ಈಗ ಅದಕ್ಕೆ ಓದುಕಟ್ಟೆ ಎನ್ನುತ್ತಾರೆ. ಓದುಕಟ್ಟೆಗೆ ಅಧ್ಯಕ್ಷರಿಲ್ಲ, ಮಾಲೀಕರಿಲ್ಲ. ಅದು ಬಾವಿಯ ಹಾಗೆ ಊರಿನದು. ಕೋಣೆಕೋಣೆಗೂ ಗಾಳಿಗಂಟೆ ತೂಗುಹಾಕಿದೆ. ಒಳಗಿನ ಉಸಿರು ಕೆಟ್ಟರೆ ಅದು ತಾನಾಗಿ ಮೊಳಗುತ್ತದೆ, ಎಲ್ಲರೂ ಎದ್ದು ಬೇವಿನ ಮರದ ಕೆಳಗೆ ಹೋಗಿ ಕೂರುತ್ತೇವೆ, ಪಾಠ ಅಲ್ಲಿ ಮುಂದುವರಿಯುತ್ತದೆ. ಜ್ವರ ಬಂದವರು ಬಾಗಿಲಲ್ಲಿ ಹಸಿರು ಬಟ್ಟೆ ಕಟ್ಟಿದರೆ ಸಾಕು, ಪಾಠವೇ ಅವರ ಮನೆಯ ಕಿಟಕಿಗೆ ಹೋಗುತ್ತದೆ. ಜ್ವರವನ್ನು ಮುಚ್ಚಿಟ್ಟು ಬಂದವರಿಗೆ ನಾಚಿಕೆ, ಮುಚ್ಚಿಡುವಂತೆ ಮಾಡಿದವರಿಗೆ ಊರಿನಲ್ಲಿ ಜಾಗವಿಲ್ಲ. ಕಲಿತದ್ದಕ್ಕೆ ಕಾಗದ ಕೊಡುವ ಪದ್ಧತಿಯನ್ನು ನಾವು ಬಿಟ್ಟು ಬಹಳ ಕಾಲವಾಯಿತು. ಗೊತ್ತಿರುವುದನ್ನು ನಾಲ್ಕು ಜನರ ಮುಂದೆ ಹೇಳಿ ತೋರಿಸಬೇಕು, ಅಷ್ಟೇ. ಯಾರ ಓದನ್ನೂ ಯಾರೂ ತಿಜೋರಿಯಲ್ಲಿಡಲಾರರು, ಸುಡಲಾರರು. ಮಧ್ಯಾಹ್ನ ಮಾಳಿಗೆಯ ಮೇಲೆ ಬೆಳೆದ ಜೋಳದ ರೊಟ್ಟಿ, ಕೆಂಪು ಚಟ್ನಿ. ಚಟ್ನಿ ಮಾತ್ರ ನಿಮ್ಮ ಕಾಲದ್ದೇ ರುಚಿ ಎನ್ನುತ್ತಾರೆ.

ಆ ಓದುಕಟ್ಟೆಯಲ್ಲಿ ನನ್ನದು ಸಾಕ್ಷಿಗಾರ್ತಿಯ ಕೆಲಸ. ಹೊಸಬರು ಬಂದ ಮೊದಲ ದಿನ, ಬೇರೆ ಯಾವ ಪಾಠಕ್ಕೂ ಮೊದಲು, ಆ ಜಾಗ ಹೇಗೆ ಹುಟ್ಟಿತೆಂದು ಸಾಕ್ಷಿಗಾರ್ತಿ ಹೇಳಬೇಕು. ನಾನು ಏಪ್ರಿಲ್ ಎರಡರ ರಾಜೀನಾಮೆಯನ್ನು ಓದುತ್ತೇನೆ, ಬರೆಸಿದವರು ಯಾರೆಂದು ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ ಹೇಳುತ್ತೇನೆ. ನಿಮ್ಮ ಹೆಸರನ್ನು ಅಳಿಸುವುದು ಸುಲಭವಿತ್ತು. ಕಮಾನಿನ ಮೇಲೆ ನೀವು ಕೆತ್ತಿಸಿದ್ದನ್ನು ಒಡೆದುಹಾಕೋಣವೆಂದು ಹಿಂದೆ ಎರಡು ಸಲ ಮಾತು ಬಂದಿತ್ತು. ಎರಡು ಸಲವೂ ನಮ್ಮ ಮನೆಯವರೇ ತಡೆದರು. ಮರೆವು ನಿಮಗೆ ಸಿಗಬಾರದಿತ್ತು. ನಿಮ್ಮ ಹೊಸ ಶಾಲೆಗೂ ಸಿಗುವುದಿಲ್ಲ. ಕಸ್ತೂರಿ ಅದೇ ಹಾಳೆಯನ್ನು ಹಿಡಿದು ಎರಡನೆಯ ಸಲ ಮನೆಮನೆಗೆ ಹೊರಡುವುದಕ್ಕೆ ನಿಮ್ಮ ಲೆಕ್ಕದಲ್ಲಿ ಇನ್ನು ಹನ್ನೊಂದು ದಿನವಿದೆ. ತಡೆಯಲು ನೋಡಿ. ನೀವು ನೋಡಿದ್ದೂ, ಆಗದೆ ಹೋದದ್ದೂ ಪುಸ್ತಕದಲ್ಲಿದೆ.

ಈ ವರ್ಷ ಎರಡನೆಯ ಮುಂಗಾರು ಮುಗಿದ ಮೇಲೆ ಹೊಸಬರ ಸಾಲಿನಲ್ಲಿ ಹದಿನೆಂಟರ ಹುಡುಗಿಯೊಬ್ಬಳು ನಿಂತಿದ್ದಳು. ಹೆಸರು ನೀಲಾಂಬಿಕಾ ಕಬ್ಬೂರ, ನಿಮ್ಮ ಮರಿಮಗನ ಮೊಮ್ಮಗಳು. ಪಾಠಕ್ಕೆ ಮೊದಲು ನನ್ನ ಹತ್ತಿರ ಬಂದಳು.

"ಅಕ್ಕಾರ, ನೂರಾ ಮೂವತ್ತೆಂಟು ವರ್ಷ ಆತು. ನಮ್ಮ ಅಣ್ಣ ಈ ದಿನದ ಹೆದರಿಕೀಗೆ ಇಲ್ಲಿಗೆ ಬರಲೇ ಇಲ್ಲ. ಈ ವರ್ಷ ಆ ಹೆಸರ ಬಿಟ್ಟು ಓದ್ರಿ."

"ಪತ್ರ ಸುಳ್ಳೇನು?" ಎಂದು ಕೇಳಿದೆ.

"ಸುಳ್ಳಲ್ರಿ."

"ಹಂಗಾರ ಕುಂತು ಕೇಳು."

ಅವಳು ಕೈ ಚಾಚಿದಳು. "ಕೊಡ್ರಿಲ್ಲೆ. ನಾನ ಓದತೇನಿ."

ನನ್ನ ಕೈ ಹಿಂದೇಟು ಹಾಕಿತು ಎಂದು ಒಪ್ಪಿಕೊಳ್ಳುತ್ತೇನೆ. ನಿಮ್ಮ ಮೇಲಿರುವ ಸಿಟ್ಟು ಅವಳ ಮೇಲೆ ನನಗಿರಲಿಲ್ಲ. ಆದರೂ ಕೊಟ್ಟೆ. ನಿಮ್ಮ ರಕ್ತದ ಹುಡುಗಿ, ನೀವು ಹೇಳಿ ಬರೆಸಿದ ಸುಳ್ಳನ್ನು ಅರವತ್ತು ಮಂದಿಯ ಮುಂದೆ ನಿಂತು ಓದಿದಳು. ಸ್ವಇಚ್ಛೆಯಿಂದ ಎಂಬ ಪದ ಬಂದಾಗ ನಿಂತು ಅದನ್ನು ಮತ್ತೆ ಓದಿದಳು. ಕೊನೆಯಲ್ಲಿ ನಿಮ್ಮ ಹೆಸರನ್ನೂ ಹೇಳಿದಳು, ಪೂರ್ತಿಯಾಗಿ.

ಎಲ್ಲರೂ ಹೋದ ಮೇಲೆ ಒಂದೇ ಒಂದು ಮಾತು ಕೇಳಿದಳು. "ಅವ್ರು ಸಾಯೂದ್ರಾಗ ಯಾವತ್ತರ ಒಪ್ಪಕೊಂಡ್ರೇನ್ರಿ?"

ಪುಸ್ತಕದಲ್ಲಿದ್ದುದನ್ನೇ ಹೇಳಿದೆ. ನೀವು ಇನ್ನೂ ಹತ್ತೊಂಬತ್ತು ವರ್ಷ ಬದುಕಿದಿರಿ, ಆರೋಗ್ಯವಾಗಿ. ಒಪ್ಪಿಕೊಳ್ಳಲಿಲ್ಲ.

ನೀಲಾಂಬಿಕಾ ಓದುಕಟ್ಟೆಯ ಹೆಸರಿನ ಪುಸ್ತಕ ತೆರೆದು, ತನ್ನ ಹೆಸರಿನ ಮುಂದಿದ್ದ ಕಬ್ಬೂರ ಎಂಬುದನ್ನು ಹೊಡೆದುಹಾಕಿದಳು. ಬೇರೆ ಮನೆತನದ ಹೆಸರು ಏನೂ ಬರೆಯಲಿಲ್ಲ. ವಾರದೊಳಗೆ ಅವಳ ಅಣ್ಣನೂ ಬಂದು ತನ್ನದನ್ನು ಬಿಟ್ಟ. ನಿಮ್ಮ ವಂಶದಲ್ಲಿ ಆ ಹೆಸರು ಹೊತ್ತವರು ಅವರಿಬ್ಬರೇ ಉಳಿದಿದ್ದರು. ನಾನು ಬೇಡ ಎನ್ನಬಹುದಿತ್ತು, ಅವಳು ನನ್ನ ಮಾತು ಕೇಳುತ್ತಿದ್ದಳು. ನಾನು ಬೇಡ ಎನ್ನಲಿಲ್ಲ.

ನಿಮಗೆ ಕಾಯಿಲೆ ಬರಲಿ ಎಂದು ಹಾರೈಸುವುದಿಲ್ಲ. ಹತ್ತೊಂಬತ್ತು ವರ್ಷ ದೊಡ್ಡ ಆಯುಷ್ಯ, ಗಟ್ಟಿಯಾಗಿ ಬದುಕಿ, ಮೊಮ್ಮಕ್ಕಳು ಬಂದು ತೊಡೆಯ ಮೇಲೆ ಕೂರಲಿ. ಅವರನ್ನು ಹೆಸರು ಹಿಡಿದು ಕರೆಯುವಾಗೆಲ್ಲ ಈ ಕಾಗದ ನಿಮ್ಮ ನೆನಪಿಗೆ ಬರಲಿ.

ಇಂತು,
ಹೊನ್ನವ್ವ ತಳವಾರ